ಅಭ್ಯಾಸದ ರೀಲು

ಹಾಲ್ಸ್ಟನ್ ಕಾಲೇಜು, ಕಾನ್ಸಾಸ್
ಆಗಸ್ಟ್ 16, 1976

ಕೋಚ್ ಎಮಿಲ್ ಹ್ರುಸ್ಕಾ ಅವರಿಗೆ,

ಕೆಳಗಿನ ಸಹಿ ನೋಡಿ ನಿಮ್ಮ ಮುಖ ಹುಳ್ಳಗಾದರೆ ಆಗಲಿ. ಬರೆಯುವಾಗ ನನ್ನದೂ ಹಾಗೇ ಇದೆ. ಆದರೆ ಬರೆಯದೆ ವಿಧಿಯಿಲ್ಲ. ಕಳೆದ ತಿಂಗಳಿಂದ ನಾನು ಹಾಲ್ಸ್ಟನ್ ಕಾಲೇಜಿನ ಫುಟ್ಬಾಲ್ ಕೋಚ್. ಯಾರದೋ ಕೈಕೆಳಗಿನ ಸಹಾಯಕನಲ್ಲ, ಮುಖ್ಯ ಕೋಚ್. ನಿಮ್ಮ ಬ್ರೆನ್ನರ್ ಬಿಟ್ಟ ಎಂಟು ವರ್ಷದಲ್ಲಿ ಐದು ಊರು ಕಂಡೆ. ಪ್ರತಿ ಊರಿನಲ್ಲೂ ಮುಖ್ಯ ಕೋಚ್ ಸೋತ, ಅವನ ಹಿಂದೆ ಸಹಾಯಕರೆಲ್ಲ ಗಂಟುಮೂಟೆ ಕಟ್ಟಿದೆವು. ಈ ಕಸುಬಿನ ಬಾಳೇ ಇಷ್ಟು, ನಿಮಗೆ ಹೇಳಬೇಕಾಗಿಲ್ಲ. ಅಥವಾ ಹೇಳಬೇಕೋ ಏನೋ, ನೀವು ಒಂದೇ ಊರಿನಲ್ಲಿ ಒಂದೇ ಕುರ್ಚಿಯಲ್ಲಿ ಕೂತವರು.

ಇಲ್ಲಿನ ಅಧ್ಯಕ್ಷರಾದ ಡಾಕ್ಟರ್ ಆಮ್ಸ್‌ಡೆನ್ ಅರ್ಥಶಾಸ್ತ್ರದ ಮೇಷ್ಟ್ರು. ಮೊದಲ ದಿನವೇ ನಮ್ಮ ಚೆಂಡನ್ನು ಕೈಗೆತ್ತಿಕೊಂಡು, ಎರಡೂ ಚೂಪು ತುದಿಗಳನ್ನು ಮುಟ್ಟಿ ನೋಡಿ, "ಇದನ್ನ ದುಂಡಗೆ ಮಾಡಿದ್ರೆ ಕಮ್ಮಿ ಬೆಲೆಗೆ ಸಿಗಲ್ವೇನ್ರೀ ಕೋಚ್?" ಎಂದು ಕೇಳಿದರು. ಅವರ ಎರಡನೆಯ ಮಾತು ಅಷ್ಟು ತಮಾಷೆಯದಲ್ಲ. ಒಂಬತ್ತು ಪಂದ್ಯದಲ್ಲಿ ಐದು ಗೆಲ್ಲಬೇಕು. ಇಲ್ಲವಾದರೆ ಮುಂದಿನ ವರ್ಷ ಇಲ್ಲಿ ನಾನಿಲ್ಲ, ಬಹುಶಃ ಫುಟ್ಬಾಲೂ ಇಲ್ಲ.

ನಮ್ಮ ನಿಮ್ಮ ಪಂದ್ಯ ನವೆಂಬರ್ 13ಕ್ಕೆ, ಋತುವಿನ ಕೊನೆಯದು. ಲೀಗಿನ ನಿಯಮ ನಿಮಗೆ ಗೊತ್ತು. ಶನಿವಾರ ಎದುರಾಗುವ ತಂಡಗಳು ಹಿಂದಿನ ಭಾನುವಾರ ತಂತಮ್ಮ ಪಂದ್ಯದ ಫಿಲ್ಮನ್ನು ಒಬ್ಬರಿಗೊಬ್ಬರು ಕೊಡಬೇಕು, ನೋಡಿ ಹಿಂತಿರುಗಿಸಬೇಕು. ಬೇರೆ ತಂಡಗಳ ಫಿಲ್ಮು ಬೇಕಾದಾಗ ಕೇಳಿದವರಿಗೆ ಇಲ್ಲ ಎನ್ನಬಾರದು. ಅದಕ್ಕಾಗಿ ನಾವಿಬ್ಬರು ಮುಖ ನೋಡಬೇಕಾಗಿಲ್ಲ. ಬೆಲ್‌ಮಾಂಟ್ ಹೆದ್ದಾರಿಯ ವರ್ಲಾಳ ಹೋಟೆಲು ನಮ್ಮಿಬ್ಬರಿಗೂ ನಡುವೆ ಇದೆ. ಡಬ್ಬಿಯನ್ನು ಅವಳ ಗಲ್ಲಾದ ಹಿಂದೆ ಇಟ್ಟು ಹೋಗೋಣ.

ನಿಯಮದ ಪ್ರಕಾರ,
ವೆಂಡೆಲ್ ಸ್ಟ್ರೌಡ್


ಬ್ರೆನ್ನರ್ ಕಾಲೇಜು, ನೆಬ್ರಾಸ್ಕಾ
ಆಗಸ್ಟ್ 24, 1976

ಕೋಚ್ ಸ್ಟ್ರೌಡ್ ಅವರಿಗೆ,

ಪತ್ರ ತಲುಪಿತು. ವರ್ಲಾಳ ಹೋಟೆಲು ಆಗಬಹುದು. ನಾನು ಚರ್ಚ್ ಮುಗಿಸಿ ನೇರ ಬರುತ್ತೇನೆ. ನೀವು ಮೂರು ಗಂಟೆಯ ನಂತರ ಬಂದರೆ ಮುಖ ನೋಡುವ ಪ್ರಸಂಗ ಬರುವುದಿಲ್ಲ.

ಪಂದ್ಯದ ರೀಲುಗಳನ್ನಷ್ಟೇ ಕೊಡುತ್ತೇನೆ. ಅಭ್ಯಾಸದ ರೀಲು ನನ್ನ ಮನೆಯ ಹೊಸ್ತಿಲು ದಾಟುವುದಿಲ್ಲ. ಇದು ಎಲ್ಲ ಕೋಚುಗಳೂ ಪಾಲಿಸುವುದೇ. ಆದರೂ ಬರೆದಿಡುವುದು ಒಳ್ಳೆಯದು.

ನನ್ನ ಹೆಂಡತಿ ಲೊರೇನ್ ನಿಮ್ಮ ಫರ್ನ್ ಅವರ ಕ್ಷೇಮ ವಿಚಾರಿಸಿದ್ದಾಳೆ.

ಇತಿ,
ಎಮಿಲ್ ಹ್ರುಸ್ಕಾ


ಹಾಲ್ಸ್ಟನ್
ಅಕ್ಟೋಬರ್ 4, 1976

ಕೋಚ್ ಹ್ರುಸ್ಕಾ ಅವರಿಗೆ,

ಮೊದಲು ಕೆಲಸದ ಮಾತು. ಮುಂದಿನ ವಾರ ನಮಗೆ ವಿಂಡಮ್ ಕಾಲೇಜು ಎದುರಾಗುತ್ತದೆ. ಅವರು ಕಳಿಸಿದ ಫಿಲ್ಮನ್ನು ಯಾರೋ ಮರದ ಹಿಂದೆ ನಿಂತು ತೆಗೆದಂತಿದೆ, ಅರ್ಧ ಎಲೆ, ಅರ್ಧ ಆಟ. ನೀವು ಅವರೊಡನೆ ಆಡಿದ ಪಂದ್ಯದ ರೀಲು ಬೇಕು.

ನಾವು ಎರಡು ಸೋತು ಎರಡು ಗೆದ್ದಿದ್ದೇವೆ. ಹುಡುಗರು ಒಳ್ಳೆಯವರು. ಗೋಧಿ ಮೂಟೆ ಎತ್ತಿ ಬೆಳೆದ ಮೈ, ಆದರೆ ಓಡೆಂದರೆ ಮೂಟೆ ಹೊತ್ತುಕೊಂಡೇ ಓಡುತ್ತಾರೆ.

ಹೋದ ಭಾನುವಾರ ಡಬ್ಬಿಯ ಜೊತೆ ಒಂದು ಪೊಟ್ಟಣವೂ ಇತ್ತು. ಬಿಚ್ಚಿದರೆ ಕೊಲಾಚಿ, ಒಳಗೆ ಗಸಗಸೆ ತುಂಬಿದ್ದು, ಎಂಟು ವರ್ಷದ ಹಿಂದೆ ನಿಮ್ಮ ಅಡುಗೆಮನೆಯಲ್ಲಿ ಒಲೆಯಿಂದ ತೆಗೆಯುವ ಮೊದಲೇ ನಾನು ಕದ್ದು ತಿನ್ನುತ್ತಿದ್ದ ಅದೇ ಸಿಹಿ ಬನ್ನು. ವರ್ಲಾ ಕೈಗೆ ಕೊಡುತ್ತಾ, "ಆರಿತ್ತು, ಈಗ ನಾಕೈತೆ. ನನ್ನ ಗಲ್ಲಾ ಹಿಂದೆ ಇಟ್ಟಿದ್ದಕ್ಕೆ ಕಂದಾಯ" ಎಂದಳು. "ಏನ್ರೀ ಇಬ್ರೂ ಇಷ್ಟು ದೊಡ್ಡ ಗಂಡಸ್ರು, ಒಬ್ರು ಹೋದ್ಮೇಲೆ ಇನ್ನೊಬ್ರು ಬರ್ತೀರ. ಸಾಲಗಾರರಾ?" ಎಂದೂ ಕೇಳಿದಳು. ಡಬ್ಬಿ ಎತ್ತಿಕೊಂಡು ಹೊರಟೆ.

"ಆದರೂ ಬರೆದಿಡುವುದು ಒಳ್ಳೆಯದು" ಎಂದಿರಲ್ಲ, ಆ ಮಾತು ನನ್ನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಕೂತುಬಿಟ್ಟಿದೆ. ಬೇರೆ ಯಾವ ಕೋಚಿಗಾದರೂ ನೀವು ಹಾಗೆ ಬರೆದಿದ್ದೀರಾ? ಇಲ್ಲ. ಕಳ್ಳನಿಗೆ ಮಾತ್ರ ಬೀಗ ತೋರಿಸಿ ಮಾತಾಡುತ್ತಾರೆ.

ಸರಿ, ಹೇಳಿಯೇ ಬಿಡುತ್ತೇನೆ. ಅರವತ್ತೆಂಟರ ಆ ಪಂದ್ಯದಲ್ಲಿ ಎದುರಾಳಿಗೆ ನಮ್ಮ ಒಂದೊಂದು ಪಟ್ಟೂ ಮೊದಲೇ ಗೊತ್ತಿತ್ತು. ಯಾರೋ ಹೇಳಿಕೊಟ್ಟಿದ್ದರು. ಅದೇ ವಾರ ನಾನು ಅವರ ಕೋಚಿನ ಜೊತೆ ಊಟಕ್ಕೆ ಕೂತದ್ದನ್ನು ಯಾರೋ ಕಂಡಿದ್ದರು. ಹೌದು, ಕೂತಿದ್ದೆ, ಕೆಲಸ ಕೇಳಲು. ನಮ್ಮ ಮುಖ್ಯ ಕೋಚ್ ಮುದುಕ ಲಿಂಡ್‌ಕ್ವಿಸ್ಟ್ ನಿವೃತ್ತಿಯಾಗುವವನಿದ್ದ, ಬ್ರೆನ್ನರಿನಲ್ಲಿ ಇದ್ದದ್ದು ಒಂದು ಕುರ್ಚಿ, ಸಹಾಯಕರು ನಾವಿಬ್ಬರು. ಮುದುಕ ಇಬ್ಬರನ್ನೂ ಕರೆಸಿದ. ನನ್ನೆದುರೇ ನಿನ್ನನ್ನು ಕೇಳಿದ: "ಎಮಿಲ್, ಒಂದೇ ಮನೇಲಿ ಬಾಡಿಗೆಗಿದ್ದೋರು ನೀವು. ಇವ್ನು ಹೇಳಿರ್ತಾನೇನೋ?" ನೀನು ಕೈಯಲ್ಲಿದ್ದ ಟೋಪಿ ತಿರುಗಿಸುತ್ತಾ, "ನಂಗೊತ್ತಿಲ್ಲ ಕೋಚ್" ಅಂದೆ. ನಂಗೊತ್ತಿಲ್ಲ! ನಿನ್ನ ಮದುವೆಯಲ್ಲಿ ಉಂಗುರ ಜೇಬಿನಲ್ಲಿಟ್ಟುಕೊಂಡು ನಿನ್ನ ಪಕ್ಕ ನಿಂತವನು ನಾನು ಕಣೋ!

ವಿಂಡಮ್ ರೀಲನ್ನು ಮರೆಯಬೇಡಿ.

ವೆಂಡೆಲ್ ಸ್ಟ್ರೌಡ್


ಬ್ರೆನ್ನರ್
ಅಕ್ಟೋಬರ್ 7, 1976

ಕೋಚ್ ಸ್ಟ್ರೌಡ್ ಅವರಿಗೆ,

ವಿಂಡಮ್ ರೀಲು ಈ ಡಬ್ಬಿಯಲ್ಲಿದೆ. ಎರಡನೆಯ ಭಾಗದಲ್ಲಿ ಒಂದು ಕಡೆ ಹರಿದಿತ್ತು, ಅಂಟಿಸಿದ್ದೇನೆ, ನಿಧಾನವಾಗಿ ಓಡಿಸಿ.

ಕೊಲಾಚಿ ಲೊರೇನಳ ಕೆಲಸ. ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ತಡೆಯಲಿಲ್ಲ.

ನಿಮ್ಮ ಉಳಿದ ಮಾತಿಗೆ ಉತ್ತರ ಬರೆಯಲು ಎರಡು ಸಲ ಕೂತೆ. ಆಗಲಿಲ್ಲ.

ಇನ್ನೊಂದು ವಿಷಯ. ನಿಮ್ಮ ಎಡಗಡೆಯ ಸಾಲಿನ ಅರವತ್ತಾರು ನಂಬರಿನ ಹುಡುಗ, ಮುಂದಕ್ಕೆ ನುಗ್ಗುವ ಪಟ್ಟಾದರೆ ಚೆಂಡು ಏಳುವ ಮೊದಲೇ ಅವನ ಹಿಮ್ಮಡಿ ಮೇಲೇಳುತ್ತದೆ. ಹಿಂದೆ ಸರಿಯುವ ಪಟ್ಟಾದರೆ ಹಿಮ್ಮಡಿ ನೆಲದಲ್ಲೇ ಇರುತ್ತದೆ. ನಿಮ್ಮ ಫಿಲ್ಮು ನೋಡಿದ ಪ್ರತಿಯೊಬ್ಬನೂ ಅವನ ಕಾಲು ನೋಡಿಯೇ ನಿಮ್ಮ ಆಟ ಓದುತ್ತಾನೆ. ತಿದ್ದಿ. ನವೆಂಬರಿನವರೆಗೆ ನಾನು ಸುಮ್ಮನಿದ್ದಿದ್ದರೆ ಲಾಭ ನನಗೇ ಇತ್ತು. ಲೊರೇನ್ ಹತ್ತಿರ ಅದನ್ನೇ ಹೇಳಿದೆ. "ಹಾಗಾದ್ರೆ ಯಾಕ್ ಬರೀತಾ ಇದೀಯ?" ಅಂದಳು.

ಇತಿ,
ಎಮಿಲ್ ಹ್ರುಸ್ಕಾ


ಹಾಲ್ಸ್ಟನ್
ನವೆಂಬರ್ 8, 1976, ಸೋಮವಾರ ಬೆಳಿಗ್ಗೆ

ಎಮಿಲ್,

ಮರ್ಯಾದೆಯ ಬಹುವಚನ ಇವತ್ತು ಬೇಡ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಓದಿಕೋ.

ನಿನ್ನೆ ವರ್ಲಾಳ ಹತ್ತಿರ ನೀನಿಟ್ಟ ಡಬ್ಬಿ ತಂದೆ. ನಾನು, ನನ್ನ ಸಹಾಯಕ ಲೈಲ್ ಇಬ್ಬರೂ ಉಗ್ರಾಣದ ಗೋಡೆಗೆ ಬಿಳಿ ಬಟ್ಟೆ ಕಟ್ಟಿ ರೀಲು ಹಾಕಿದೆವು. ಮೊದಲು ಖಾಲಿ ಮೈದಾನ. ನೋಡುವ ಜನವಿಲ್ಲ, ಬ್ಯಾಂಡಿಲ್ಲ. ಇದೇನು, ಎಂದುಕೊಳ್ಳುವಷ್ಟರಲ್ಲಿ ಒಬ್ಬ ಹುಡುಗ ಕ್ಯಾಮೆರಾಕ್ಕೆ ಬೆನ್ನು ಕೊಟ್ಟು ನಿಂತ. ಬೆನ್ನ ಮೇಲೆ ಹನ್ನೆರಡು, ನಮ್ಮ ಎಸೆಯುವ ಹುಡುಗನ ನಂಬರು. ಅವನ ಪಕ್ಕ ಅರವತ್ತಾರು. ಎಲ್ಲ ನಮ್ಮ ನಂಬರುಗಳೇ, ಆದರೆ ಒಬ್ಬನೂ ನಮ್ಮ ಹುಡುಗನಲ್ಲ. ನಿನ್ನ ಬದಲಿ ಹುಡುಗರಿಗೆ ನಮ್ಮ ನಂಬರಿನ ಬನಿಯನ್ನು ತೊಡಿಸಿ, ಅವರನ್ನೇ ಹಾಲ್ಸ್ಟನ್ ಎಂದುಕೊಂಡು ನಿನ್ನ ತಂಡ ಪಟ್ಟು ಕಲಿಯುತ್ತಿದೆ. ನೀನು ಕಳಿಸಿದ್ದು ನಮ್ಮ ಮೇಲಿನ ಪಂದ್ಯಕ್ಕೆಂದು ಮಾಡಿದ ಅಭ್ಯಾಸದ ರೀಲು!

ಇನ್ನೂ ಒಂದು ಆಟವೂ ಶುರುವಾಗಿರಲಿಲ್ಲ. ನಾನು ಗೋಡೆಯಿಂದ ವೈರು ಕಿತ್ತೆ. ಕತ್ತಲಲ್ಲಿ ಲೈಲ್ ಕೂಗಿದ, "ಕೋಚ್, ದೇವ್ರೇ ಕಳ್ಸಿದಾನೆ ಅಂತ ತಿಳ್ಕೊಳ್ಳಿ! ನಾವೇನ್ ಕದ್ವಾ? ಅವ್ರಾಗೇ ತಂದ್ಕೊಟ್ಟಿದ್ದು! ಬರೀ ಹತ್ ನಿಮಿಷ!" ಪ್ರೊಜೆಕ್ಟರಿಗೆ ಕೈ ಹಾಕಿದರೆ ಕೈ ಮುರಿಯುತ್ತೇನೆ ಎಂದೆ. ಅವನಿಗೆ ಹೋದ ತಿಂಗಳು ಮಗು ಹುಟ್ಟಿದೆ, ಎಮಿಲ್. ನಾವು ನಾಲ್ಕು ಗೆದ್ದಿದ್ದೇವೆ, ನಾಲ್ಕು ಸೋತಿದ್ದೇವೆ. ಐದನೆಯದು ಬೇಕೆಂದರೆ ನಿನ್ನನ್ನೇ ಸೋಲಿಸಬೇಕು. ನಾನು ಹೋದರೆ ಅವನೂ ಹೋಗುತ್ತಾನೆ. ಇವತ್ತು ಬೆಳಿಗ್ಗೆ ನನ್ನನ್ನು ಕಂಡು ದಾರಿ ಬದಲಿಸಿ ಹೋದ.

ಮನೆಯಲ್ಲಿ ಫರ್ನ್ ಎಲ್ಲ ಕೇಳಿಸಿಕೊಂಡು ತಟ್ಟೆ ಕೆಳಗಿಟ್ಟಳು. "ನೋಡಿದ್ರೂ ಅಷ್ಟೆ, ನೋಡ್ಲಿಲ್ಲ ಅಂದ್ರೂ ಅಷ್ಟೆ, ಎಮಿಲ್ ನಿನ್ನ ನಂಬಲ್ಲ. ಎಂಟು ವರ್ಷ ನೋಡಿದೀವಲ್ಲ. ಹೆಂಗೂ ಕಳ್ಳ ಅಂತಾನೇ ಅನ್ನಿಸ್ಕೋಬೇಕು ಅಂದ್ರೆ ನೋಡೋದ್ರಲ್ಲಿ ತಪ್ಪೇನಿದೆ?" ನಾನು ಅವಳ ಮೇಲೆ ರೇಗಲಿಲ್ಲ. ಯಾಕೆಂದರೆ ಅದೇ ಯೋಚನೆ, ಅದೇ ಮಾತುಗಳಲ್ಲಿ, ನನಗೂ ಬಂದಿತ್ತು. ಡಬ್ಬಿ ಊಟದ ಮೇಜಿನ ಮೇಲೇ ಇತ್ತು. ಇನ್ನು ಸ್ವಲ್ಪ ಹೊತ್ತು ಅಲ್ಲೇ ಇದ್ದಿದ್ದರೆ ಏನಾಗುತ್ತಿತ್ತೋ ನಾನು ಆಣೆ ಮಾಡಿ ಹೇಳಲಾರೆ. ಅದಕ್ಕೇ ಕೋಟು ಹಾಕಿಕೊಂಡು ಕಾರು ಹತ್ತಿ ಬೆಲ್‌ಮಾಂಟಿಗೆ ವಾಪಸ್ ಹೋಗಿ ವರ್ಲಾಳ ಕೈಗೆ ಕೊಟ್ಟುಬಂದೆ. "ಈಗ್ತಾನೆ ತಗೊಂಡ್ ಹೋದ್ರಲ್ಲ, ಚೆನ್ನಾಗಿರ್ಲಿಲ್ವಾ ಪಿಚ್ಚರ್ರು?" ಎಂದಳು.

ಈ ಕಾಗದವೂ ಅವಳ ಮೂಲಕವೇ ಬರುತ್ತದೆ. ನಾನು ಕಂಡದ್ದು ನಂಬರುಗಳನ್ನಷ್ಟೆ. ಪಟ್ಟು ಒಂದನ್ನೂ ನೋಡಿಲ್ಲ. ಸಾಕ್ಷಿ ಏನಿದೆ ಎಂದು ಕೇಳಿದರೆ ಏನೂ ಇಲ್ಲ. ನನ್ನ ಮಾತೊಂದೇ.

ನಂಬುತ್ತೀಯಾ ಇಲ್ಲವಾ, ಒಂದು ಸಾಲು ಬರೆ. ಗೆಲುವು ಸೋಲು ಆಮೇಲೆ.

ವೆಂಡೆಲ್


ಬ್ರೆನ್ನರ್
ನವೆಂಬರ್ 9, 1976

ವೆಂಡೆಲ್,

ಡಬ್ಬಿ ತಲುಪಿತು. ತಪ್ಪು ನನ್ನದು. ಎರಡೂ ರೀಲು ನೋಡಿ ಮುಗಿಸಿ, ಒಂದರ ಡಬ್ಬಿಗೆ ಇನ್ನೊಂದನ್ನು ತುಂಬಿದ್ದೇನೆ. ಸರಿಯಾದದ್ದು ಇದರಲ್ಲಿದೆ.

ಶನಿವಾರ ಮೈದಾನದಲ್ಲಿ ಕಾಣೋಣ.

ಎಮಿಲ್


ಹಾಲ್ಸ್ಟನ್
ನವೆಂಬರ್ 11, 1976

ಎಮಿಲ್,

ಶನಿವಾರ ಕಾಣೋಣವಂತೆ. ಒಂದು ಸಾಲು ಕೇಳಿದೆ, ಮೂರ್ನಾಲ್ಕು ಬರೆದೆ, ಕೇಳಿದ್ದೊಂದನ್ನು ಬಿಟ್ಟು. ಟೋಪಿ ತಿರುಗಿಸುವ ಚಾಳಿ ಇನ್ನೂ ಹೋಗಿಲ್ಲ ನಿನಗೆ.

ಡಬ್ಬಿಯ ಜೊತೆ ಕೊಲಾಚಿ ಇತ್ತು, ಈ ಸಲ ಹನ್ನೆರಡು. ಲೊರೇನಳಿಗೆ ಥ್ಯಾಂಕ್ಸ್ ಹೇಳು. ನಿನಗೆ ಹೇಳಲು ನನ್ನ ಬಳಿ ಏನೂ ಇಲ್ಲ. ನೀನು ವಾರವಿಡೀ ಕೂತು ಹಳೆಯ ಪಟ್ಟುಗಳನ್ನೆಲ್ಲ ಕಿತ್ತು ಹೊಸದು ಕಟ್ಟುತ್ತಿರಬೇಕು. ಕಟ್ಟು.

ವೆಂಡೆಲ್


ಹಾಲ್ಸ್ಟನ್
ನವೆಂಬರ್ 14, 1976, ಭಾನುವಾರ

ಎಲೋ ಎಮಿಲ್,

ಎಲ್ಲಿಂದ ಶುರುಮಾಡಲಿ? ಕೊನೆಯಿಂದಲೇ ಮಾಡುತ್ತೇನೆ, ನನ್ನ ತಲೆ ನಿನ್ನೆಯಿಂದ ಅಲ್ಲೇ ನಿಂತಿದೆ.

ಹದಿನೇಳಕ್ಕೆ ಹದಿನಾಲ್ಕು, ನಾವು ಮುಂದೆ. ಒಂದು ನಿಮಿಷವೂ ಉಳಿದಿಲ್ಲ. ಉತ್ತರದ ಗಾಳಿ ಮುಖ ಸೀಳುತ್ತಿದೆ, ಚೆಂಡು ಒದ್ದು ಸಮ ಮಾಡೋಣವೆಂದರೆ ಕಂಬಗಳು ನಿಮಗೆ ತುಂಬ ದೂರ. ನಿಮಗೆ ಉಳಿದದ್ದು ಒಂದೇ ಒಂದು ಆಟ. ನಮ್ಮ ಹುಡುಗರು ಬೆಂಚಿನ ಮೇಲೆ ಕೈ ಕೈ ಹಿಡಿದು ನಿಂತಿದ್ದಾರೆ. ಆಮ್ಸ್‌ಡೆನ್ ಸಾಹೇಬರು ಯಾವ ಕಡೆಗೆ ನೋಡಬೇಕೆಂದು ಫರ್ನಳನ್ನು ಕೇಳುತ್ತಿದ್ದಾರೆ. ಲೈಲ್ ನನ್ನ ತೋಳು ಹಿಡಿದುಕೊಂಡಿದ್ದಾನೆ, ಅವನಿಗೇ ಗೊತ್ತಿಲ್ಲದೆ.

ಚೆಂಡು ಎದ್ದಿತು. ನಿನ್ನ ಬಲತುದಿಯ ಎಂಬತ್ತೆಂಟು ಎರಡು ಹೆಜ್ಜೆ ಇಟ್ಟು, ಕಾಲು ತೊಡರಿ ದಬಕ್ಕನೆ ಮುಖ ಕೆಳಗಾಗಿ ಬಿದ್ದ. ಪಾಪ ಎನಿಸಿತು! ಅವನನ್ನು ಕಾಯಬೇಕಿದ್ದ ನಮ್ಮ ಹುಡುಗ ಒಂದು ಕ್ಷಣ ನಿಂತು ನನ್ನ ಕಡೆ ನೋಡಿದ. ನಾನೇ, ಎಮಿಲ್, ನಾನೇ ಗಂಟಲು ಹರಿಯುವಂತೆ ಕೂಗಿದೆ: "ಬಿದ್ದೋನ್ನ ಬಿಡೋ! ಚೆಂಡಿನ ಹಿಂದೆ ಹೋಗು!" ಅವನು ಹೋದ. ಬಿದ್ದವನು ಎದ್ದ. ಎದ್ದು, ಬಟ್ಟೆಯ ಧೂಳನ್ನೂ ಕೊಡವದೆ ಓಡಿದ. ಸುತ್ತ ಯಾರೂ ಇಲ್ಲ, ಅವನು ಮತ್ತು ಕಾನ್ಸಾಸಿನ ಆಕಾಶ ಮಾತ್ರ. ಚೆಂಡು ಹೋಗಿ ಅವನ ಕೈಯಲ್ಲಿ ಕೂತಿತು, ಅವನು ಕೊನೆಯ ಗೆರೆ ದಾಟಿದ.

ಇಪ್ಪತ್ತೊಂದಕ್ಕೆ ಹದಿನೇಳು, ಈಗ ನೀವು ಮುಂದೆ. ಮುಗಿಯಿತು.

ಲೈಲ್ ಟೋಪಿ ನೆಲಕ್ಕೆ ಬಡಿದ. "ಇದೇ ಕೋಚ್! ಆ ರೀಲಲ್ಲಿ ಇದ್ದಿರ್ಬೇಕಾದ್ದು ಇದೇ! ನಾನ್ ಅವತ್ತೇ ಬಡ್ಕೊಂಡೆ!" ಎಂದು ಅಳತೊಡಗಿದ. ನಾನು ನಿನ್ನ ಕೈ ಕುಲುಕಲು ಮೈದಾನದ ಮಧ್ಯಕ್ಕೆ ಹೊರಟೆ. ಹತ್ತು ಹೆಜ್ಜೆ ಹೋದೆ. ಆಮೇಲೆ ಲೈಲನ ಮಾತು ತಲೆಗೆ ಇಳಿಯಿತು. ಆ ಬೀಳುವುದೇ ಪಟ್ಟು, ನಾಟಕ. ನಿನ್ನ ಯಾವ ಪಂದ್ಯದ ಫಿಲ್ಮಿನಲ್ಲೂ ಇಲ್ಲದ್ದು, ನಮಗೆಂದೇ ಕಟ್ಟಿದ್ದು, ಆ ರೀಲಿನಲ್ಲಿ ಇರದೆ ಇರಲಾರದು. ನೋಡಿದ್ದವನಿಗೆ ಅದು ನೀರು ಕುಡಿದಷ್ಟು ಸುಲಭ, ಬಿದ್ದವನ ಪಕ್ಕ ಒಬ್ಬನನ್ನು ನಿಲ್ಲಿಸಿದರೆ ಸಾಕಿತ್ತು. ನಾನು ನೋಡಿರಬಹುದು ಎಂದು ಎಳ್ಳಷ್ಟು ಅನುಮಾನವಿದ್ದರೂ ಯಾವ ಕೋಚೂ ಇಡೀ ಪಂದ್ಯವನ್ನು ಅದರ ಮೇಲೆ ಇಡುವುದಿಲ್ಲ. ನೀನು ಇಟ್ಟೆ.

ಅಲ್ಲೇ ನಿಂತುಬಿಟ್ಟೆ. ನಿನ್ನ ಹುಡುಗರು ನನ್ನ ಅಕ್ಕಪಕ್ಕ ಕುಣಿದುಕೊಂಡು ಓಡುತ್ತಿದ್ದರು. ಸೋತದ್ದಕ್ಕೆ ಇಷ್ಟು ಸಂತೋಷಪಟ್ಟ ಕೋಚು ಈ ಭೂಮಿಯ ಮೇಲೆ ಇರಲಿಕ್ಕಿಲ್ಲ. ಕಣ್ಣು ತುಂಬಿ ಬಂತು, ಅಷ್ಟರಲ್ಲಿ ನೀನು ಬಂದೆ. ಕೈ ಹಿಡಿದೆ, ಬಿಡಲೇ ಇಲ್ಲ. ಏನಾದರೂ ಹೇಳುತ್ತೀಯೆಂದು ಕಾದರೆ, "ಫರ್ನ್ ಚೆನ್ನಾಗಿದಾಳಾ?" ಅಂದೆ! ಮಹಾರಾಯ, ಎಂಟು ವರ್ಷದ ಮೇಲೆ!

ನಾಳೆ ಆಮ್ಸ್‌ಡೆನ್ ಕರೆದಿದ್ದಾರೆ. ಕೆಲಸ ಹೋಗುವುದು ಬಹುಮಟ್ಟಿಗೆ ಖಾತ್ರಿ. ಹೋಗಲಿ ಎನ್ನುವಷ್ಟು ದೊಡ್ಡ ಮನುಷ್ಯ ನಾನಲ್ಲ, ನೋಯುತ್ತದೆ. ಆದರೂ ನಿನ್ನೆ ಮಲಗಿದ ಕೂಡಲೇ ನಿದ್ದೆ ಬಂತು.

ನಿನ್ನ,
ವೆಂಡೆಲ್


ಬ್ರೆನ್ನರ್
ನವೆಂಬರ್ 17, 1976

ಪ್ರಿಯ ವೆಂಡೆಲ್,

ಬರೆಯುವುದು ನನಗೆ ಬಾರದು, ನಿನಗೆ ಗೊತ್ತು. ಲೊರೇನ್ ಕಾಗದ, ಪೆನ್ನು, ಕಾಫಿ ಮೂರನ್ನೂ ಎದುರಿಗಿಟ್ಟು, "ಮುಗಿಸೋವರ್ಗೂ ಏಳ್ಬೇಡ" ಎಂದು ಹೇಳಿ ಬಾಗಿಲು ಹಾಕಿಕೊಂಡು ಹೋಗಿದ್ದಾಳೆ.

ಆ ಮಂಗಳವಾರ ನನ್ನ ಇಬ್ಬರು ಸಹಾಯಕರನ್ನು ಕೂರಿಸಿಕೊಂಡು ಆದದ್ದನ್ನು ಹೇಳಿದೆ. ದೊಡ್ಡವನು, "ಎಲ್ಲಾ ಪಟ್ಟೂ ಬದಲಾಯ್ಸೋಣ ಕೋಚ್. ಆ ಸ್ಟ್ರೌಡ್ ಕೈಗೆ ಸಿಕ್ಕಿದ್ದನ್ನ ನೋಡ್ದೆ ಬಿಡೋನಾ? ಅವನ ಹಳೇ ಕತೆ ಎಲ್ರಿಗೂ ಗೊತ್ತು" ಎಂದ. ನಾನು, ಅವನು ನೋಡಿಲ್ಲ ಎಂದೆ. "ಹೆಂಗ್ ಹೇಳ್ತೀರಿ?" ಎಂದ. "ನಂಗೊತ್ತು" ಎಂದೆ.

ಅದನ್ನು ಮುದುಕ ಲಿಂಡ್‌ಕ್ವಿಸ್ಟನ ಕೋಣೆಯಲ್ಲಿ ಹೇಳಬೇಕಾಗಿತ್ತು. ಅವತ್ತು ಯಾರು ಹೇಳಿಕೊಟ್ಟರೋ ನನಗೆ ಇವತ್ತಿಗೂ ತಿಳಿಯದು. ನೀನಲ್ಲ ಎಂಬುದು ಮಾತ್ರ ಅವತ್ತೂ ಗೊತ್ತಿತ್ತು. ಕುರ್ಚಿ ಕಣ್ಣೆದುರಿಗಿತ್ತು, ನಾಲಿಗೆ ಏಳಲಿಲ್ಲ.

ನಿನಗೆ ಒಂದು ಸಾಲು ಯಾಕೆ ಬರೆಯಲಿಲ್ಲ ಎಂದರೆ, ಕಾಗದದ ಮೇಲೆ ನಂಬುತ್ತೇನೆ ಎನ್ನುವುದಕ್ಕೆ ಏನೂ ಖರ್ಚಿಲ್ಲ. ಬರೆದಿದ್ದರೂ ನೀನು ನಂಬುತ್ತಿರಲಿಲ್ಲ. ಅದಕ್ಕೇ ಆ ಪಟ್ಟನ್ನು ಕೊನೆಯವರೆಗೆ ಕಾದಿಟ್ಟೆ. ನನ್ನ ನಂಬಿಕೆ ಸುಳ್ಳಾದರೆ ಪೂರ್ತಿ ಸೋಲುವ ಹೊತ್ತಿಗೆ.

ಅದು ನಿನ್ನ ಐದನೆಯ ಗೆಲುವೆಂದು ನನಗೆ ಗೊತ್ತಿತ್ತು, ವೆಂಡೆಲ್. ಪಟ್ಟು ಹೇಳುವ ಮೊದಲು ಲೈಲನ ಮುಖ ನೋಡಿದೆ. ಬೇರೇನಾದರೂ ಸುಮಾರಾದ ಆಟ ಹೇಳಿ ನಿನಗೆ ಬಿಟ್ಟುಕೊಡಬಹುದಿತ್ತು. ಆದರೆ ಹಾಗೆ ಮಾಡಿದ್ದರೆ, ಒಂದೋ ನಾನು ನಿನ್ನನ್ನು ಕಳ್ಳನೆಂದುಕೊಂಡೆ, ಇಲ್ಲವೇ ನಿನ್ನ ಮೇಲೆ ಕನಿಕರಪಟ್ಟೆ ಎಂದಾಗುತ್ತಿತ್ತು. ನೀನು ಎರಡನ್ನೂ ಕ್ಷಮಿಸುವವನಲ್ಲ.

ಡಿಸೆಂಬರಿನಲ್ಲಿ ಲೀಗಿನ ಕೋಚುಗಳ ಊಟವಿದೆ. ಕೆಲಸ ಇರಲಿ ಬಿಡಲಿ, ನೀನು ಬರಬೇಕು. ಮುದುಕನೂ ಬರುತ್ತಾನೆ. ನನಗೆ ಅಲ್ಲಿ ಎದ್ದು ನಿಂತು ಸ್ವಲ್ಪ ಮಾತಾಡುವುದಿದೆ.

ಕಾಫಿ ಆರಿಹೋಗಿದೆ. ಬಾಗಿಲು ತಟ್ಟಿ ಲೊರೇನಳನ್ನು ಕರೆಯಬೇಕು.

ನಿನ್ನ,
ಎಮಿಲ್


ಹಾಲ್ಸ್ಟನ್
ಫೆಬ್ರವರಿ 3, 1977

ಪ್ರಿಯ ಎಮಿಲ್,

ಊಟದ ದಿನದಿಂದ ಬರೆಯಬೇಕೆಂದಿದ್ದೆ, ಪುರಸೊತ್ತಿಲ್ಲ. ಹೊಸ ಹುಡುಗರನ್ನು ಹುಡುಕಿಕೊಂಡು ಹಿಮದಲ್ಲಿ ಕಾರು ದೂಡಿ ದೂಡಿ ಸೊಂಟ ಬಿದ್ದುಹೋಗಿದೆ. ಹುಡುಕುತ್ತಿದ್ದೇನೆ ಎಂದರೆ ನಿನಗೆ ಅರ್ಥವಾಗಿರಬೇಕು. ಕೆಲಸ ಉಳಿದಿದೆ! ಒಂದು ವರ್ಷದ ಮಟ್ಟಿಗೆ, ಆದರೂ ಉಳಿದಿದೆ. ಹೇಗೆಂದು ಹೇಳುತ್ತೇನೆ ಕೇಳು.

ನವೆಂಬರಿನಲ್ಲಿ ಆಮ್ಸ್‌ಡೆನ್ ಸಾಹೇಬರು ರೀಲಿನ ಕತೆ ಕೇಳಿ ಕುರ್ಚಿಯಿಂದ ಎದ್ದೇ ಬಿಟ್ಟಿದ್ದರು. "ಅಲ್ರೀ, ನೋಡಿದ್ರೆ ಗೆಲ್ತಿದ್ವಲ್ರೀ! ಕೈಗೆ ಬಂದಿದ್ದನ್ನ ವಾಪಸ್ ಕೊಡೋಕೆ ನಿಮಗೆ ಸಂಬಳ ಕೊಡ್ತೀವಾ?" ಫೆಬ್ರವರಿಗೆ ಹೊಸ ಕೋಚನ್ನು ಹುಡುಕುವುದೆಂದು ತೀರ್ಮಾನವೂ ಆಗಿತ್ತು. ಅಷ್ಟರಲ್ಲಿ ಆ ಊಟ.

ನೀನು ಎದ್ದು ನಿಂತಾಗ ಕೋಚುಗಳೆಲ್ಲ ಯಾವುದೋ ನಿಯಮದ ಬಗ್ಗೆ ಗೊಣಗುತ್ತೀಯೆಂದು ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದರು. ನೀನು ಟೋಪಿ ತಂದಿರಲಿಲ್ಲ, ಗಮನಿಸಿದೆ. ರೀಲಿನ ಕತೆ ಹೇಳಿದೆ, ಆಮೇಲೆ ಅರವತ್ತೆಂಟರದ್ದು. ಎಲ್ಲರೂ ಬೆಣ್ಣೆ ಚಾಕು ಕೆಳಗಿಟ್ಟರು. ಮುದುಕನಿಗೆ ಕಿವಿ ಮಂದ. "ಏನಂತೆ?" ಎಂದು ಪಕ್ಕದವನನ್ನು ಕೇಳಿದ. "ಅವತ್ತು ಹೇಳಿದ್ದು ವೆಂಡೆಲ್ ಅಲ್ವಂತೆ, ಎಮಿಲ್‌ಗೆ ಮೊದ್ಲೇ ಗೊತ್ತಿತ್ತಂತೆ." ಮುದುಕ ಕೋಲು ನೆಲಕ್ಕೆ ಕುಟ್ಟಿ, "ಹಾಗಾದ್ರೆ ಅವತ್ತೇ ಬೊಗಳೋಕೇನಾಗಿತ್ತು ಇವ್ನಿಗೆ?" ಎಂದ. ಎಲ್ಲರೂ ನಕ್ಕರು, ನೀನೂ ನಕ್ಕೆ. ಮುದುಕ ನಗಲಿಲ್ಲ. ಹೊರಡುವಾಗ ನನ್ನ ಹತ್ತಿರ ಬಂದು ಕೊರಳಪಟ್ಟಿ ಸರಿಮಾಡಿ, "ಮಗಾ" ಎಂದಷ್ಟೇ ಹೇಳಿ ಹೋದ. ಕಾರಿನಲ್ಲಿ ಫರ್ನ್ ಮನೆಯವರೆಗೂ ಅತ್ತಳು. ನಾನು ಅವಳನ್ನು ಸಮಾಧಾನ ಮಾಡುವ ನೆಪದಲ್ಲಿ ಜೊತೆಗೂಡಿದೆ.

ಕೋಚುಗಳ ಬಾಯಿ ನಿನಗೆ ಗೊತ್ತು. ಕ್ರಿಸ್‌ಮಸ್ ಹೊತ್ತಿಗೆ ಕತೆ ಎರಡು ರಾಜ್ಯ ಸುತ್ತಿತ್ತು. ಜನವರಿಯಲ್ಲಿ, ಕೆಲಸ ಹೋಗುವವರೆಗಾದರೂ ಮಾಡೋಣವೆಂದು ಒಬ್ಬ ಹುಡುಗನ ಮನೆಗೆ ಹೋದೆ. ನಾಲ್ಕು ಆಳೆತ್ತರದ ಧಾನ್ಯದ ಕಣಜ, ಅದರ ಪಕ್ಕ ಚಿಕ್ಕ ಮನೆ. ತಾಯಿ ಬಾಗಿಲಲ್ಲೇ ನಿಲ್ಲಿಸಿಕೊಂಡು ಮೇಲಿಂದ ಕೆಳಗೆ ನೋಡಿದಳು. "ಆ ರೀಲು ನೋಡ್ದಲೇ ಇದ್ದ ಕೋಚು ನೀವೇನಾ?" ಹೌದಮ್ಮ ಎಂದೆ. "ಬನ್ನಿ ಒಳಗೆ. ಗೆಲ್ಲೋ ಕೋಚುಗಳು ಮೂರ್ ಜನ ಬಂದು ಹೋದ್ರು. ಎಲ್ರೂ ನನ್ನ ಕಡುಬು ಹೊಗಳಿದ್ರು, ಒಬ್ರೂ ಪೂರ್ತಿ ತಿನ್ಲಿಲ್ಲ. ನನ್ ಮಗನ್ನ ನಾಕು ವರ್ಷ ಯಾರದೋ ಕೈಗೆ ಕೊಡ್ಬೇಕು. ಯಾರೂ ನೋಡ್ದೇ ಇರೋವಾಗ ಆ ಮನುಷ್ಯ ಹೆಂಗಿರ್ತಾನೆ ಅಂತ ಗೊತ್ತಾದ್ರೆ ನಂಗೆ ಸಾಕು." ಕಡುಬನ್ನು ನಾನು ಪೂರ್ತಿ ತಿಂದೆ. ಲೊರೇನಳ ಕೈರುಚಿಯ ಹತ್ತಿರಕ್ಕೂ ಬರುವುದಿಲ್ಲ, ಆದರೂ ತಿಂದೆ.

ಅವಳೊಬ್ಬಳೇ ಅಲ್ಲ. ಕಾಲೇಜಿನ ಕಚೇರಿಗೆ ತಾಯಂದಿರ ಫೋನು. ನಮ್ಮಂಥ ಸಣ್ಣ ಕಾಲೇಜಿಗೆ ಸೇರುವ ಹುಡುಗರೇ ಅನ್ನ, ಅದು ಅರ್ಥಶಾಸ್ತ್ರದ ಮೇಷ್ಟ್ರಿಗೆ ಬೇಗ ತಿಳಿಯುತ್ತದೆ. ನಿನ್ನೆ ಕರೆಸಿ, "ಕೋಚ್, ನೀವು ಸೋತಿದ್ದು ನಮಗೆ ಲಾಭವೇ ಆಯ್ತಲ್ರೀ. ಆದ್ರೆ ಪ್ರತಿ ವರ್ಷ ಸೋಲ್ಬೇಡಿ" ಎಂದು ಕಾಗದಕ್ಕೆ ಸಹಿ ಹಾಕಿದರು. ಲೈಲನೂ ಉಳಿದ. ಮಗುವನ್ನು ಎತ್ತಿಕೊಂಡು ಬಂದು ನನ್ನ ಮೇಜಿನ ಮೇಲೆ ಬೋರಲು ಮಲಗಿಸಿದ. ಅದು ನನ್ನ ಪಟ್ಟುಗಳ ಹಾಳೆಯ ಮೇಲೆಲ್ಲ ಜೊಲ್ಲು ಸುರಿಸಿದೆ.

ನವೆಂಬರಿನಲ್ಲಿ ಮತ್ತೆ ನಿಮ್ಮ ಮೇಲೆ ಪಂದ್ಯವಿದೆ. ಈ ಸಲ ಬಿದ್ದವನನ್ನು ಬಿಡುವುದಿಲ್ಲ, ನೆನಪಿರಲಿ.

ನಿನ್ನ,
ವೆಂಡೆಲ್


ಬ್ರೆನ್ನರ್
ಏಪ್ರಿಲ್ 14, 1977

ಪ್ರಿಯ ವೆಂಡೆಲ್,

ನಿನಗೆಂದು ಒಂದು ಡಬ್ಬಿಯನ್ನು ನಿನ್ನೆ ವರ್ಲಾಳ ಕೈಯಲ್ಲಿ ಕೊಟ್ಟಾಗ, "ಈಗೆಲ್ಲಿಂದ ಬಂತು ಪಿಚ್ಚರ್ರು? ಆಟ ಇರೋದು ಚಳಿಗಾಲದಲ್ಲಿ ಅಲ್ವಾ?" ಎಂದಳು. ನಿಜ. ಈಗ ನಡೆಯುತ್ತಿರುವುದು ವಸಂತದ ಅಭ್ಯಾಸ ಮಾತ್ರ.

ಎಂಬತ್ತೆಂಟು ನಂಬರಿನ ಹುಡುಗ ಮೇ ತಿಂಗಳಲ್ಲಿ ಪದವಿ ಮುಗಿಸಿ ಹೋಗುತ್ತಾನೆ. ಅವನ ಜಾಗಕ್ಕೆ ಹೊಸಬನನ್ನು ತಯಾರು ಮಾಡುತ್ತಿದ್ದೇನೆ. ಅವನು ಬೀಳುತ್ತಾನೆ, ಆದರೆ ನಾಟಕ ಎಂದು ಎದುರಿನವನಿಗೆ ಗೊತ್ತಾಗಿಬಿಡುತ್ತದೆ. ಹತ್ತು ಸಲ ನೋಡಿದೆ, ಎಲ್ಲಿ ತಪ್ಪುತ್ತಿದ್ದಾನೆಂದು ನನಗೆ ಕಾಣುತ್ತಿಲ್ಲ. ಕೈ ಮೊದಲು ಊರುತ್ತಾನೋ, ಮೊಣಕಾಲೋ. ಹಳೆಯ ದಿನಗಳಲ್ಲಿ ಇಂಥದ್ದನ್ನು ನೀನು ನನಗಿಂತ ಬೇಗ ಹಿಡಿಯುತ್ತಿದ್ದೆ. ರೀಲಿನಲ್ಲಿ ಅದರ ಹಿಂದೆಯೇ ಇನ್ನೆರಡು ಹೊಸ ಪಟ್ಟುಗಳೂ ಇವೆ. ಅವೂ ಹಾಲ್ಸ್ಟನ್ ಪಂದ್ಯಕ್ಕೆಂದೇ ಕಟ್ಟುತ್ತಿರುವವು. ಕತ್ತರಿಸಿ ತೆಗೆಯಲು ಮನಸ್ಸಾಗಲಿಲ್ಲ.

ನನ್ನ ಸಹಾಯಕರು ನನಗೆ ಅರಳುಮರಳು ಎಂದುಕೊಂಡಿದ್ದಾರೆ. ಲೊರೇನ್ ಕೊಲಾಚಿಗೆ ಹಿಟ್ಟು ನಾದಲು ಹೋದಳು.

ಭಾನುವಾರ ಮೂರು ಗಂಟೆಗೆ ಮುಂಚೆಯೇ ವರ್ಲಾಳ ಹೋಟೆಲಿಗೆ ಬಾ. ನಾನು ಕಿಟಕಿಯ ಪಕ್ಕದ ಮೇಜಿನಲ್ಲಿ ಕೂತಿರುತ್ತೇನೆ.

ಡಬ್ಬಿ ಈ ಸಲ ಅದಲುಬದಲಾಗಿಲ್ಲ. ಪೂರ್ತಿ ನೋಡು.

ನಿನ್ನ,
ಎಮಿಲ್